ಎತ್ತಿನ ಲೆಕ್ಕ ಕುದುರೆಮರಿಗೆ ಹತ್ತೂದಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಮೊದಲ ಬಾರಿ ಕುದುರೆಮರಿ ಕಟ್ಟಿದವರ ಪ್ರಶ್ನೆಗಳೇ ಹೆಚ್ಚು. ಬರೆದವರೆಲ್ಲ ಧಾರವಾಡ, ಗದಗ, ಹಾವೇರಿ ಕಡೆಯವರು, ದನ ಸಾಕಿ ಪಳಗಿದವರು. ಅವರ ತೊಡಕುಗಳಲ್ಲಿ ಅರ್ಧ ಆ ದನದ ಅನುಭವದಿಂದಲೇ ಹುಟ್ಟಿದವು ಅನ್ನುವುದು ಪತ್ರ ಓದಿದರೆ ತಿಳಿಯುತ್ತದೆ. ಕುದುರೆ ರೋಗ ಬಲ್ಲ ಪಶುವೈದ್ಯರು ಮತ್ತು ಕುದುರೆ ಪಳಗಿಸುವವರು ಕೂತು ಉತ್ತರ ಬರೆದಿದ್ದಾರೆ.

ಮಹಾರಾಷ್ಟ್ರದ ಸಾರಂಗಖೇಡಾ ಕುದುರಿ ಜಾತ್ರೆಗೆ ಹೋಗಿ ಒಂದು ಗಂಡುಮರಿ ತರಬೇಕು ಅಂತ ಮಾಡೇವಿ. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳಾಕ ಬರತೈತಿ. ಕುದುರಿಗೂ ಅದೇ ಲೆಕ್ಕ ಏನ್ರಿ? ಮತ್ತೇನು ನೋಡಬೇಕು?
– ನವಲಗುಂದ ತಾಲೂಕಿನ ರೈತರು

ಲೆಕ್ಕ ಬೇರೆ. ಎತ್ತಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ. ಕುದುರೆಗೆ ಮೇಲೆ ಆರು, ಕೆಳಗೆ ಆರು. ಹುಟ್ಟಿದ ವಾರದೊಳಗೆ ನಡುವಿನ ಜೋಡಿ ಹಾಲುಹಲ್ಲು ಬರುತ್ತದೆ, ನಾಲ್ಕರಿಂದ ಆರು ವಾರಕ್ಕೆ ಅದರ ಪಕ್ಕದ್ದು, ಆರರಿಂದ ಒಂಬತ್ತು ತಿಂಗಳಿಗೆ ಮೂಲೆಯದು. ಹಾಲುಹಲ್ಲು ಬೆಳ್ಳಗೆ, ಗಿಡ್ಡಗೆ, ಒಸಡಿನ ಹತ್ತಿರ ಸಣ್ಣಗೆ ಇರುತ್ತವೆ. ಕಾಯಂ ಹಲ್ಲು ಎರಡೂವರೆ ವರ್ಷಕ್ಕೆ ನಡುವಿನ ಜೋಡಿ, ಮೂರೂವರೆಗೆ ಪಕ್ಕದ್ದು, ನಾಲ್ಕೂವರೆಗೆ ಮೂಲೆಯದು. ಐದಕ್ಕೆ ಬಾಯಿ ತುಂಬುತ್ತದೆ. ಮಾರುವವನು 'ಮೂರು ವರ್ಷದ್ದು, ನಾಳೆಯೇ ಹತ್ತಬಹುದು' ಅಂದು, ಬಾಯಿ ತೆಗೆದರೆ ಹನ್ನೆರಡೂ ಹಾಲುಹಲ್ಲೇ ಕಂಡರೆ ಮಾತು ಅಲ್ಲಿಗೆ ನಿಲ್ಲಿಸಿ. ಒಂದು ವರ್ಷದ್ದೋ ಎರಡರದ್ದೋ ಎಂಬ ಅನುಮಾನಕ್ಕೆ ಮೂಲೆಯ ಹಲ್ಲು ನೋಡಿ: ಒಂದು ವರ್ಷಕ್ಕೆ ಮೇಲಿನ-ಕೆಳಗಿನವು ಇನ್ನೂ ಒಂದಕ್ಕೊಂದು ತಾಗಿ ಸವೆದಿರುವುದಿಲ್ಲ, ಎರಡಕ್ಕೆ ಸವೆದಿರುತ್ತವೆ.

ಹಲ್ಲಿಗಿಂತ ಕಾಲು ದೊಡ್ಡದು. ಗಟ್ಟಿ ನೆಲದ ಮೇಲೆ, ಹಗ್ಗ ಸಡಿಲ ಬಿಟ್ಟು, ನಿಮ್ಮಿಂದ ದೂರಕ್ಕೆ ಮತ್ತು ನಿಮ್ಮ ಕಡೆಗೆ ದುಡುಕಿಯಲ್ಲಿ (ನಡಿಗೆಗಿಂತ ಜೋರು, ಓಟಕ್ಕಿಂತ ನಿಧಾನ) ಓಡಿಸಲು ಹೇಳಿ. ಮುಂಗಾಲು ನೋಯುತ್ತಿದ್ದರೆ ಆ ಕಾಲು ಊರುವಾಗ ತಲೆ ಮೇಲೆ ಜಿಗಿಯುತ್ತದೆ. ಹಗ್ಗ ಬಿಗಿ ಹಿಡಿದು ಓಡಿಸುವವರು ಈ ತಲೆಯಾಟವನ್ನೇ ಮುಚ್ಚುತ್ತಿರುತ್ತಾರೆ. ನಾಲ್ಕೂ ಕಾಲು ಎತ್ತಿಸಿ ನೋಡಿ. ಹೊಕ್ಕಳ ಹತ್ತಿರ ಮೆತ್ತನೆಯ ಗಂಟಿದ್ದರೆ ಹರ್ನಿಯಾ ಇರಬಹುದು. ಗಂಡುಮರಿಗೆ ಎರಡೂ ಬೀಜ ಇಳಿದಿವೆಯೇ ನೋಡಿ.

ಮೂಗಿನಲ್ಲಿ ಕೀವು, ದವಡೆ ಕೆಳಗೆ ಗಂಟು ಇದ್ದರೆ ಬೆಲೆ ಎಷ್ಟೇ ಇಳಿದರೂ ಬೇಡ. ಗ್ಲ್ಯಾಂಡರ್ಸ್ ಎಂಬ ರೋಗ ಹೀಗೇ ಕಾಣಿಸುತ್ತದೆ, ಅದು ಮನುಷ್ಯರಿಗೂ ಹತ್ತುತ್ತದೆ. ರೋಗ ಖಚಿತವಾದರೆ ಪ್ರಾಣಿಯನ್ನು ಉಳಿಸಿಕೊಳ್ಳಲು ಕಾನೂನೂ ಬಿಡುವುದಿಲ್ಲ. ಇದರ ರಕ್ತಪರೀಕ್ಷೆಯಲ್ಲಿ ಹರಿಯಾಣದ ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಹೆಸರಾದದ್ದು. ವರದಿ ಕೈಗೆ ಬಂದ ಮೇಲೆ ದುಡ್ಡು ಕೊಡಿ. ತಂದ ಮರಿಯನ್ನು ಮೂರು ವಾರ ಬೇರೆ ಕಟ್ಟಿ, ಅದರ ಬಕೆಟ್ಟೂ ಬೇರೆ ಇರಲಿ.

ಕೇಳದಿದ್ದರೂ ಒಂದು ಮಾತು: ಮೊದಲ ಕುದುರೆ ಮರಿಯೇ ಆಗಬೇಕೆಂದಿಲ್ಲ. ಎಂಟು-ಹತ್ತು ವರ್ಷದ, ಲಗಾಮು ಬಲ್ಲ ಶಾಂತ ಹೆಣ್ಣುಕುದುರೆ ನಿಮಗೇ ಪಾಠ ಹೇಳಿಕೊಡುತ್ತದೆ. ಮರಿಯೇ ಬೇಕಾದರೆ ಆರು ತಿಂಗಳು ತುಂಬಿ ಹಾಲು ಬಿಟ್ಟದ್ದನ್ನೇ ತನ್ನಿ.

ಒಂದು ವರ್ಷದ ಮರಿ ಅದ. ಮನ್ಯಾಗ ಕಣಿಕಿ ಬಣವಿ ಅದ, ಗೋವಿನಜೋಳ ಅದ, ಎತ್ತಿಗೆ ಹಾಕೋ ಹಿಂಡಿ, ಬೂಸಾ ಅದ. ಇದನ್ನ ಹಾಕಿದ್ರ ಸಾಕಲ್ರಿ? ಎಷ್ಟು ಹಾಕಬೇಕು?
– ರಾಣೆಬೆನ್ನೂರು ತಾಲೂಕು

ಮೊದಲು ಹೊಟ್ಟೆಯ ಮಾತು. ಎತ್ತು ನುಂಗಿದ್ದನ್ನು ಮೊದಲ ಹೊಟ್ಟೆಯಲ್ಲಿ ಹುದುಗಿಸಿ, ಮೆಲುಕು ಹಾಕಿ, ಆಮೇಲೆ ಒಳಗೆ ಕಳಿಸುತ್ತದೆ. ಎಷ್ಟೋ ವಿಷ ಅಲ್ಲೇ ಮುರಿಯುತ್ತದೆ. ಕುದುರೆಗೆ ಒಂದೇ ಹೊಟ್ಟೆ, ಅದೂ ಸಣ್ಣದು. ಹುಲ್ಲು ಹುದುಗುವುದು ಕೊನೆಯ ದೊಡ್ಡ ಕರುಳಿನಲ್ಲಿ. ಮೆಲುಕು ಇಲ್ಲ, ವಾಂತಿ ಮಾಡಲೂ ಬರುವುದಿಲ್ಲ. ಹಾಗಾಗಿ ಗ್ವಾದಲಿಯಲ್ಲಿ ಎತ್ತು ಉಂಡು ಆರಾಮಿರುವ ಮೇವೇ ಪಕ್ಕದ ಕುದುರೆಯನ್ನು ಕೊಲ್ಲಬಹುದು.

ನಿಮ್ಮ ಪಟ್ಟಿಯನ್ನೇ ಒಂದೊಂದಾಗಿ ನೋಡೋಣ. ಚೆನ್ನಾಗಿ ಒಣಗಿದ ಜೋಳದ ಕಣಿಕೆ ಸ್ವಲ್ಪ ಹಾಕಬಹುದು, ಆದರೆ ಅದರಲ್ಲಿ ಪ್ರೋಟೀನ್ ನೂರಕ್ಕೆ ನಾಲ್ಕರ ಆಸುಪಾಸು. ಬೆಳೆಯುವ ಮರಿಗೆ ಹನ್ನೊಂದು-ಹನ್ನೆರಡಾದರೂ ಬೇಕು. ಬರೀ ಕಣಿಕೆ ತಿಂದ ಮರಿಗೆ ಹೊಟ್ಟೆ ಜೋತು, ಬೆನ್ನು ಚೂಪಾಗುತ್ತದೆ. ಹಸಿ ಜೋಳ ಮಾತ್ರ ಬೇಡವೇ ಬೇಡ. ಎಳೆ ಪೈರು, ಕೊಯ್ದ ಮೇಲೆ ಚಿಗುರಿದ ಕೂಳೆ, ಸಿಒಎಫ್‌ಎಸ್-29ರಂಥ ಮೇವಿನ ಜೋಳ, ಯಾವುದೂ ಬೇಡ. ಅದರಲ್ಲಿರುವ ಸಯನೈಡ್ ಅಂಶ ಕುದುರೆಯ ಬೆನ್ನುಹುರಿಯ ನರ ಕೆಡಿಸುತ್ತದೆ. ಹಿಂಗಾಲು ತೂಗಾಡುತ್ತವೆ, ಮೂತ್ರ ಹನಿಹನಿಯಾಗಿ ಸೋರುತ್ತದೆ. ಒಮ್ಮೆ ಬಂದದ್ದು ಪೂರ್ತಿ ವಾಸಿಯಾಗುವುದು ಕಷ್ಟ.

ಗೋವಿನಜೋಳ ಒಳ್ಳೆಯ ಕಾಳೇ, ಆದರೆ ಬೂಷ್ಟು ಹಿಡಿದದ್ದು ಕುದುರೆಯ ಮಿದುಳನ್ನೇ ಕರಗಿಸುತ್ತದೆ. ಇದು ಅಲಂಕಾರದ ಮಾತಲ್ಲ. ಫ್ಯುಸೇರಿಯಂ ಎಂಬ ಬೂಷ್ಟಿನ ವಿಷದಿಂದ ಮಿದುಳಿನ ಬಿಳಿಭಾಗ ನೀರಾಗುತ್ತದೆ: ಕಣ್ಣು ಕಾಣದು, ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ, ಒಂದೆರಡು ದಿನದಲ್ಲಿ ಸಾಯುತ್ತದೆ. ಮಳೆಗೆ ಸಿಕ್ಕ ತೆನೆ, ಚೀಲದ ತಳದ ನುಚ್ಚು-ಪುಡಿ ಕೊಡಲೇಬೇಡಿ. ಬೂಷ್ಟು ಕಣ್ಣಿಗೆ ಕಾಣದಿದ್ದರೂ ವಿಷ ಇರಬಹುದು. ಎತ್ತಿಗೆ ಹಾಕಿದಾಗ ಏನೂ ಆಗಲಿಲ್ಲ ಎಂಬುದು ಇಲ್ಲಿ ಸಾಕ್ಷಿಯಲ್ಲ.

ಹಿಂಡಿಯಲ್ಲಿ ಶೇಂಗಾ ಹಿಂಡಿಗೂ ಬೂಷ್ಟಿನ ಭಯವೇ. ಹತ್ತಿಕಾಳು ಮರಿಗೆ ಬೇಡ. ಅಂಗಡಿಯ ಮಿಶ್ರ ಪಶುಆಹಾರ, ಕೋಳಿ ಆಹಾರ ಮುಟ್ಟಿಸಬೇಡಿ: ಅವುಗಳಲ್ಲಿ ಬೆರೆಸುವ ಮೊನೆನ್ಸಿನ್, ಸ್ಯಾಲಿನೋಮೈಸಿನ್‌ನಂಥ ಔಷಧ ಕುದುರೆಯ ಹೃದಯದ ಸ್ನಾಯು ಸುಡುತ್ತವೆ. ಕೆ.ಜಿ. ತೂಕಕ್ಕೆ ಎರಡು-ಮೂರು ಮಿಲಿಗ್ರಾಂ ಮೊನೆನ್ಸಿನ್ ಸಾಕು ಕೊಲ್ಲಲು. ಕೋಳಿ ಆಹಾರ ಬೀಸಿದ ಗಿರಣಿಯಲ್ಲೇ ಕುದುರೆಯ ಕಾಳು ಒಡೆಸುವುದೂ ಬೇಡ.

ಬೂಸಾದ ತೊಂದರೆ ನಿಧಾನದ್ದು. ಗೋಧಿ ಬೂಸಾದಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಅದರ ಹತ್ತನೇ ಒಂದು ಪಾಲು. ಕುದುರೆಗೆ ಸುಣ್ಣದಂಶವೇ ರಂಜಕಕ್ಕಿಂತ ಹೆಚ್ಚಿರಬೇಕು. ಹೊಟ್ಟೆಗೆ ಬಾರದ ಸುಣ್ಣವನ್ನು ಮೈ ತನ್ನ ಮೂಳೆಯಿಂದಲೇ ಕಿತ್ತುಕೊಳ್ಳುತ್ತದೆ; ಮುಖದ ಎರಡೂ ಪಕ್ಕ ಉಬ್ಬುತ್ತವೆ, ಒಮ್ಮೆ ಒಂದು ಕಾಲು, ಒಮ್ಮೆ ಇನ್ನೊಂದು ಕುಂಟುತ್ತದೆ. ನೇಪಿಯರ್ ಹುಲ್ಲೊಂದನ್ನೇ ಹಾಕಿದರೂ ಇದೇ ಗತಿ, ಅದರ ಆಕ್ಸಲೇಟ್ ಸುಣ್ಣವನ್ನು ಕಟ್ಟಿಹಾಕುತ್ತದೆ.

ಪ್ರಮಾಣಕ್ಕೆ ತೂಕ ಗೊತ್ತಿರಬೇಕು. ಟೇಪು ತೆಗೆದುಕೊಂಡು ಮುಂಗಾಲ ಹಿಂದೆ ಎದೆಯ ಸುತ್ತಳತೆ, ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗೆ ಉದ್ದ, ಎರಡನ್ನೂ ಸೆಂಟಿಮೀಟರಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, ವರ್ಷದ ಮರಿಗಾದರೆ 10,836ರಿಂದ, ದೊಡ್ಡದಕ್ಕೆ 11,880ರಿಂದ ಭಾಗಿಸಿ. ಸುತ್ತಳತೆ 130, ಉದ್ದ 125 ಇದ್ದರೆ ಸುಮಾರು 195 ಕೆ.ಜಿ.

ಅಷ್ಟು ತೂಕದ ಮರಿಗೆ ದಿನಕ್ಕೆ ಒಣಗಿದ ಕರಕಿ ಅಥವಾ ಬೇರೆ ಒಳ್ಳೆಯ ಹುಲ್ಲು 3 ಕೆ.ಜಿ., ಹಸಿ ಕುದುರೆಮೆಂತೆ (ಲೂಸರ್ನ್) 5 ಕೆ.ಜಿ., ಒಡೆದ ಓಟ್ಸ್ ಅಥವಾ ಬಾರ್ಲಿ 1 ಕೆ.ಜಿ., ರಾತ್ರಿ ನೆನೆಸಿ ಬೇಯಿಸಿದ ಹುರಳಿ (ಒಣ ತೂಕ) 250 ಗ್ರಾಂ, ಬೂಸಾ 200 ಗ್ರಾಮಿಗೆ ಮೀರದಂತೆ, ಉಪ್ಪು 20 ಗ್ರಾಂ, ತಿನ್ನುವ ದರ್ಜೆಯ ಸುಣ್ಣಕಲ್ಲಿನ ಪುಡಿ 20 ಗ್ರಾಂ. ಕುದುರೆಮೆಂತೆ ಸಿಗದಿದ್ದರೆ ಮಣ್ಣು ಜಾಡಿಸಿದ ಶೇಂಗಾ ಬಳ್ಳಿ ಒಂದು ಕೆ.ಜಿ. ಕಾಳನ್ನು ಮೂರು ಹೊತ್ತಿಗೆ ಹಂಚಿ, ಹೊತ್ತಿಗೆ ಅರ್ಧ ಕೆ.ಜಿ. ದಾಟಬಾರದು. ಹುಲ್ಲು ಮಾತ್ರ ರಾತ್ರಿಯೂ ಮುಂದಿರಲಿ. ಕುದುರೆಯ ಹೊಟ್ಟೆಯಲ್ಲಿ ಆಮ್ಲ ಖಾಲಿ ಇದ್ದಾಗಲೂ ಊರುತ್ತಲೇ ಇರುತ್ತದೆ. ಯಾವ ಮೇವನ್ನೇ ಬದಲಿಸಿದರೂ ಏಳರಿಂದ ಹತ್ತು ದಿನ ತೆಗೆದುಕೊಂಡು ಸ್ವಲ್ಪಸ್ವಲ್ಪವಾಗಿ ಬದಲಿಸಿ. ನೀರು ದಿನಕ್ಕೆ 20–30 ಲೀಟರ್, ಏಪ್ರಿಲ್-ಮೇ ಬಿಸಿಲಿಗೆ ಇನ್ನೂ ಹೆಚ್ಚು.

ಹಗ್ಗ ಹಿಡಿದು ಎಳೆದರೆ ಹತ್ತು ತಿಂಗಳ ಮರಿ ಹಿಂದಕ್ಕೆ ಜಗ್ಗಿ ಕೂತೇ ಬಿಡುತ್ತದೆ. ಇಬ್ಬರು ಎಳೆದರೂ ಬರುವುದಿಲ್ಲ. ಗೂಟಕ್ಕೆ ಕಟ್ಟಿದರೆ ಕುತ್ತಿಗೆ ಕಿತ್ತುಹೋಗುವಂತೆ ಜಗ್ಗುತ್ತದೆ. ಮೂಗುದಾರ ಹಾಕಬಹುದೇ?
– ಗದಗ

ಮೂಗುದಾರ ಕುದುರೆಗಿಲ್ಲ. ಅದರ ಮೂಗಿನ ಹೊಳ್ಳೆಯೇ ಅದರ ಉಸಿರು. ಬಾಯಿಂದ ಉಸಿರಾಡಲು ಬರದ ಪ್ರಾಣಿ ಅದು. ಬೇಕಾದದ್ದು ಮೋರೆಗೆ ಸರಿಹೊಂದುವ ಹಾಲ್ಟರ್, ಅಂದರೆ ಬಾಯೊಳಗೆ ಕಬ್ಬಿಣವಿಲ್ಲದ ಮೋರೆಪಟ್ಟಿ: ಮೂಗಿನ ಪಟ್ಟಿ ಕೆನ್ನೆಮೂಳೆಯ ತುದಿಯಿಂದ ಎರಡು ಬೆರಳು ಕೆಳಗೆ, ಪಟ್ಟಿಯೊಳಗೆ ಮೂರು ಬೆರಳು ಆಡುವಷ್ಟು ಸಡಿಲ. ಇದಕ್ಕಿಂತ ಕೆಳಗೆ ಇಳಿದರೆ ಮೆದು ಮೂಳೆಯ ಮೇಲೆ ಕೂತು ಉಸಿರು ಕಟ್ಟುತ್ತದೆ. ಹಗ್ಗ ಹತ್ತಿಯದು, ಬೆರಳು ದಪ್ಪ, ಹತ್ತು ಅಡಿ. ನೈಲಾನ್ ಅಂಗೈ ಸುಡುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಮಡಿಕೆ ಮಾಡಿ ಹಿಡಿಯಿರಿ. ಎಷ್ಟೋ ಜನರ ಬೆರಳು ಹೋದದ್ದು ಹೀಗೆ.

ಈಗ ಮರಿ ಯಾಕೆ ಬರುವುದಿಲ್ಲ ನೋಡಿ. ನೀವು ಎಳೆಯುತ್ತೀರಿ, ಅದು ಜಗ್ಗುತ್ತದೆ, ನಿಮಗೆ ದಣಿವಾಗಿ ಬಿಡುತ್ತೀರಿ. ಅದರ ತಲೆಗೆ ಹೊಕ್ಕದ್ದು ಒಂದೇ: ಜಗ್ಗಿದರೆ ಹಗ್ಗ ಸಡಿಲುತ್ತದೆ. ಕುದುರೆ ಕಲಿಯುವುದು ಎಳೆತದಿಂದ ಅಲ್ಲ, ಎಳೆತ ಬಿಟ್ಟ ಗಳಿಗೆಯಿಂದ. ಆ ಗಳಿಗೆಯಲ್ಲಿ ಅದು ಏನು ಮಾಡುತ್ತಿತ್ತೋ ಅದನ್ನೇ ಮತ್ತೆ ಮಾಡುತ್ತದೆ. ಹಾಗಾಗಿ ಬಿಡುವ ಗಳಿಗೆಯನ್ನು ನೀವು ಆರಿಸಬೇಕು, ಅದಕ್ಕೆ ಆರಿಸಲು ಬಿಡಬಾರದು.

ಅದರ ಎಡಭುಜದ ಪಕ್ಕ ನಿಲ್ಲಿ, ಅದರ ಮುಂದೆ ಅಲ್ಲ. ಮುಂದೆ ನಿಂತು ಕಣ್ಣಲ್ಲಿ ಕಣ್ಣಿಟ್ಟು ಎಳೆದರೆ ಅದು ಹಿಂದಕ್ಕೇ ಹೋಗುತ್ತದೆ. ಮುಂದಕ್ಕೆ ಎಳೆಯುವ ಬದಲು ಹಗ್ಗವನ್ನು ಪಕ್ಕಕ್ಕೆ, ನಿಮ್ಮ ಕಡೆ, ಒಂದು ಕೆ.ಜಿ. ಸಕ್ಕರೆ ಚೀಲ ಹಿಡಿದಷ್ಟು ಭಾರದಿಂದ ಬಿಗಿಯಾಗಿಸಿ ಹಾಗೇ ಹಿಡಿಯಿರಿ. ಜೋರು ಮಾಡಬೇಡಿ, ಜರ್ಕು ಕೊಡಬೇಡಿ, ಬಿಡಲೂಬೇಡಿ. ಒಂದು ನಿಮಿಷವಾದರೂ ಸರಿ. ಮುಂಗಾಲು ಒಂದು ಇತ್ತ ಬಂತೋ, ಅದೇ ಕ್ಷಣ ಹಗ್ಗ ಪೂರ್ತಿ ಸಡಿಲಿಸಿ, ಭುಜದ ಮೇಲ್ಭಾಗ ಕೆರೆಯಿರಿ. ಮೂರು ಎಣಿಸಿ ಮತ್ತೆ. ಪಕ್ಕಕ್ಕೆ ಎಳೆದರೆ ಅದು ಸಮತೋಲ ಉಳಿಸಿಕೊಳ್ಳಲು ಕಾಲು ಎತ್ತಲೇಬೇಕು. ನೇರ ಎಳೆದರೆ ನಾಲ್ಕೂ ಕಾಲು ಊರಿ ನಿಲ್ಲುತ್ತದೆ, ಆಗ ಗೆಲ್ಲುವುದು ಅದೇ. ಎಡಕ್ಕೆ ಐದಾರು ಸಲ, ಬಲಕ್ಕೆ ಐದಾರು ಸಲ. ಹತ್ತು-ಹದಿನೈದು ನಿಮಿಷಕ್ಕೆ ನಿಲ್ಲಿಸಿ. ಅದು ಸರಿ ಮಾಡಿದಾಗಲೇ ನಿಲ್ಲಿಸಬೇಕು, ಮೊಂಡುತನದ ನಡುವೆ ಅಲ್ಲ. ಸಂಜೆ ಇನ್ನೊಮ್ಮೆ.

ಎರಡು-ಮೂರು ದಿನಕ್ಕೆ ಪಕ್ಕಕ್ಕೆ ಸಲೀಸಾಗಿ ತಿರುಗುತ್ತದೆ. ಆಮೇಲೆ ಓರೆಯಾಗಿ, ಆಮೇಲೆ ನೇರ. ಆದರೂ ಹಿಂದೆ ಉಳಿದರೆ ಎಡಗೈಯಲ್ಲಿ ಉದ್ದ ಕಡ್ಡಿ ಹಿಡಿದು ನಿಮ್ಮ ಬೆನ್ನ ಹಿಂದಿನಿಂದ ಅದರ ಪಕ್ಕೆ ತಟ್ಟಿ. ಹೊಡೆಯುವುದಲ್ಲ, ಹೆಜ್ಜೆ ಬರುವವರೆಗೆ ಟಕ್‌ಟಕ್ ಎಂದು ಸಣ್ಣಗೆ ತಟ್ಟುತ್ತಿರುವುದು. ಹೆಜ್ಜೆ ಬಂದೊಡನೆ ನಿಲ್ಲಿಸಿ. ಬಾರುಕೋಲು ಕೊಟ್ಟಿಗೆಯಲ್ಲೇ ಇರಲಿ.

ಕಟ್ಟುವುದು ಆಮೇಲಿನ ಪಾಠ, ಹಗ್ಗಕ್ಕೆ ಬಗ್ಗುವುದು ಕಲಿತ ಮೇಲೆ ಮಾತ್ರ. ಎತ್ತಿನಂತೆ ನೆಲದ ಗೂಟಕ್ಕೆ ಕಟ್ಟಿದರೆ ಕಾಲು ಹಗ್ಗದೊಳಗೆ ಸಿಕ್ಕುತ್ತದೆ, ಗಾಬರಿಯಾಗಿ ಜಗ್ಗಿದಾಗ ಇಡೀ ಭಾರ ಕತ್ತಿನ ಮೇಲ್ಭಾಗಕ್ಕೆ ಬೀಳುತ್ತದೆ. ಅದರ ಭುಜದ ಎತ್ತರಕ್ಕೋ ಅದಕ್ಕಿಂತ ಮೇಲಕ್ಕೋ, ಅಲುಗದ ಕಂಬಕ್ಕೆ, ಎರಡೂವರೆ ಅಡಿ ಹಗ್ಗ ಬಿಟ್ಟು ಕಟ್ಟಿ. ಕಂಬಕ್ಕೂ ಹಗ್ಗಕ್ಕೂ ನಡುವೆ ಸುತಳಿಯ ಒಂದು ಕುಣಿಕೆ ಇರಲಿ. ನಿಜಕ್ಕೂ ಬೆದರಿದರೆ ಸುತಳಿ ಹರಿಯುತ್ತದೆ, ಕತ್ತು ಉಳಿಯುತ್ತದೆ. ಗಂಟು ಒಂದೇ ಜಗ್ಗಿಗೆ ಬಿಚ್ಚುವಂಥದ್ದು. ಮೊದಲ ವಾರ ಕಟ್ಟಿ ಒಬ್ಬಂಟಿ ಬಿಟ್ಟು ಹೋಗಬೇಡಿ.

ಮರಿ ಕೈ ಕಚ್ಚುತ್ತದೆ. ಬೆಲ್ಲ ಕೊಟ್ಟು ಸಲಿಗೆ ಮಾಡಿದ್ದೆವು.
– ಹುಬ್ಬಳ್ಳಿ

ಬೆಲ್ಲ ನಿಲ್ಲಿಸಿ. ಏನೇ ಕೊಟ್ಟರೂ ಬುಟ್ಟಿಯಲ್ಲಿ ಕೊಡಿ. ಮೂತಿ ಹತ್ತಿರ ತಂದಾಗ ಹೊಡೆದರೆ ಅದಕ್ಕೆ ಆಟವಾಗುತ್ತದೆ, ಇಲ್ಲವೇ ತಲೆ ಮುಟ್ಟಿದರೇ ಹಾರುವ ಗುಣ ಬರುತ್ತದೆ. ಅದು ಮೂತಿ ಚಾಚಿದ ಕೂಡಲೇ ಹಗ್ಗ ಅಲುಗಿಸಿ ಎರಡು ಹೆಜ್ಜೆ ಹಿಂದಕ್ಕೆ ಸರಿಸಿ, ಪ್ರತಿ ಸಲ, ಮನೆಯ ಎಲ್ಲರೂ. ಮಕ್ಕಳು ಮಾತ್ರ ಗುಟ್ಟಾಗಿ ಬೆಲ್ಲ ಕೊಡುತ್ತಲೇ ಇದ್ದರೆ ಬೇರೆ ಉಪಾಯವಿಲ್ಲ.

ಮರಿಗೆ ಎರಡು ವರ್ಷ ತುಂಬಿತು, ಮೈ ಕೈ ತುಂಬಿಕೊಂಡಿದೆ. ಹದಿನೈದು ವರ್ಷದ ಮಗನಿಗೆ ಹತ್ತುವ ಆಸೆ. ಈಗಲೇ ಹತ್ತಿಸಬಹುದೇ?
– ಸವಣೂರು

ಬೇಡ. ಮೈ ತುಂಬಿದ್ದು ಹೊರಗಿನಿಂದ. ಮುಂಗಾಲಿನ ಮಂಡಿಯ ಮೇಲಿರುವ ಬೆಳವಣಿಗೆಯ ಮೆದು ಪದರ ಎರಡರಿಂದ ಎರಡೂವರೆ ವರ್ಷಕ್ಕೆ ಗಟ್ಟಿಯಾಗುತ್ತದೆ, ಬೆನ್ನೆಲುಬಿನವು ಐದಾರು ವರ್ಷದವರೆಗೂ ಮೆದುವೇ. ಸವಾರ ಕೂರುವುದು ಕಾಲ ಮೇಲಲ್ಲ, ಬೆನ್ನ ಮೇಲೆ. ರೇಸಿನ ಕುದುರೆಗಳನ್ನು ಎರಡಕ್ಕೇ ಓಡಿಸುತ್ತಾರಲ್ಲ ಎಂಬ ಮಾತು ಬರುತ್ತದೆ. ಅವು ಎಷ್ಟನೇ ವರ್ಷಕ್ಕೆ ಮೂಲೆ ಸೇರುತ್ತವೆ ಎಂದೂ ವಿಚಾರಿಸಿ.

ಎರಡರಿಂದ ಮೂರರ ನಡುವೆ ಮಾಡುವ ಕೆಲಸ ಬಹಳ ಇದೆ. ಹೊಟ್ಟೆಪಟ್ಟಿ ಕಟ್ಟಿ ರೂಢಿ ಮಾಡಿ. ಮೊದಲ ದಿನ ಸಡಿಲ, ದಿನಕ್ಕೊಂದು ತೂತು ಬಿಗಿ. ಎರಡು ಉದ್ದ ಹಗ್ಗ ಹಿಡಿದು ಹಿಂದಿನಿಂದ ನಡೆಸಿ: ನಡೆ, ನಿಲ್ಲು, ಎಡ, ಬಲ. ಇದನ್ನು ಹಾಲ್ಟರಿನ ಮೇಲೇ ಕಲಿಸಿ, ಕಡಿವಾಣ ಆಮೇಲೆ. ಕಡಿವಾಣ ಹಾಕುವ ಮೊದಲು ವೈದ್ಯರಿಂದ ಬಾಯಿ ನೋಡಿಸಿ. ಮೊದಲ ದವಡೆಹಲ್ಲಿನ ಮುಂದೆ ಸಣ್ಣದೊಂದು ಮೊಳಕೆಹಲ್ಲು ಇದ್ದರೆ ಕಬ್ಬಿಣ ತಾಗಿ ತಲೆ ಒಗೆಯುತ್ತದೆ. ಕಡಿವಾಣ ನುಣುಪಾದದ್ದು, ನಡುವೆ ಒಂದೇ ಕೀಲಿನದು, ಬಾಯಂಚಿನಲ್ಲಿ ಒಂದೆರಡು ಸುಕ್ಕು ಬೀಳುವಷ್ಟು. ಮುಳ್ಳಿನ ಕಡಿವಾಣ ಕ್ರೂರವಷ್ಟೇ ಅಲ್ಲ, ಭಾರ ಎಳೆಯುವ, ಹೊರುವ ಪ್ರಾಣಿಗಳ 1965ರ ಕೇಂದ್ರ ನಿಯಮಗಳ ಪ್ರಕಾರ ಅಪರಾಧ. ಸಣ್ಣ ವೃತ್ತದಲ್ಲಿ ಗಿರಗಿರ ಓಡಿಸಬೇಡಿ, ಕೀಲಿನ ಒಂದೇ ಪಕ್ಕಕ್ಕೆ ಭಾರ ಬೀಳುತ್ತದೆ. ಡಾಂಬರಿನ ಮೇಲೆ ದುಡುಕಿಯೂ ಬೇಡ. ಹೊಲದ ಬದುವಿನ ದಾರಿ ಒಳ್ಳೆಯದು.

ಮೂರು ತುಂಬಿದ ಮೇಲೆ ಜೀನು, ಆಮೇಲೆ ಸವಾರ ಅದರ ಬೆನ್ನ ಮೇಲೆ ಬರೀ ಹೊಟ್ಟೆ ಊರಿ ಅಡ್ಡ ಒರಗುವುದು, ಆಮೇಲೆ ಹತ್ತು ನಿಮಿಷದ ನಡಿಗೆ, ವಾರಕ್ಕೆ ಮೂರು ದಿನ. ನಾಲ್ಕರ ಮೇಲೆ ದುಡುಕಿ, ಓಟ. ಭಾರದ ಲೆಕ್ಕ ಮರೆಯಬೇಡಿ: ಬೆಳೆದ ಕುದುರೆಗೆ ಸವಾರ, ಜೀನು ಸೇರಿ ತೂಕದ ಐದನೇ ಒಂದು ಪಾಲು, ಎಳೆಯದಕ್ಕೆ ನೂರಕ್ಕೆ ಹದಿನೈದು. ನಿಮ್ಮದು 280 ಕೆ.ಜಿ. ಇದ್ದರೆ ಮೊದಲ ವರ್ಷ 42 ಕೆ.ಜಿ., ಬೆಳೆದ ಮೇಲೆ 56. ಅಷ್ಟರೊಳಗೆ ಮಗನೂ ಬೆಳೆದಿರುತ್ತಾನೆ, ಅವನನ್ನೂ ತೂಕಕ್ಕೆ ಹಾಕಿ.

ಮದುವೆ ಮೆರವಣಿಗೆಗೆ ಕುದುರೆ ಬಿಡಬೇಕೆಂದಿದ್ದೇನೆ. ಬ್ಯಾಂಡ್, ಡಿಜೆ ಸದ್ದಿಗೆ ಹೇಗೆ ರೂಢಿ ಮಾಡುವುದು?
– ಹಳೇ ಹುಬ್ಬಳ್ಳಿ

ನಾಲ್ಕು ವರ್ಷದೊಳಗಿನ ಕುದುರೆಗೆ ಈ ಕೆಲಸ ಬೇಡ, ನಂತರವೂ ಎಲ್ಲ ಕುದುರೆಗೆ ಒಗ್ಗುವುದಿಲ್ಲ. ರೂಢಿಯನ್ನು ಮಾತ್ರ ಎಳೆಯದರಲ್ಲೇ ಶುರು ಮಾಡಬಹುದು. ಕಾಳು ತಿನ್ನುವ ಹೊತ್ತಿಗೆ ದೂರದಲ್ಲಿ ಸ್ಪೀಕರ್ ಇಟ್ಟು ಡೊಳ್ಳು, ಬ್ಯಾಂಡಿನ ಸದ್ದು ಸಣ್ಣಗೆ ಹಾಕಿ. ಅಳತೆಗೋಲು ಅದರ ದವಡೆ. ಅಗಿಯುತ್ತಿದ್ದರೆ ಸದ್ದು ಅದಕ್ಕೆ ಒಪ್ಪಿಗೆ. ಅಗಿಯುವುದು ನಿಂತು, ಕಿವಿ ನಿಮಿರಿ, ತಲೆ ಎತ್ತಿತೋ, ಸದ್ದು ಇಳಿಸಿ, ಮತ್ತೆ ಅಗಿಯುವ ತನಕ ಕಾಯಿರಿ. ದಿನಕ್ಕೆ ತುಸುವಷ್ಟೇ ಸದ್ದು ಏರಿಸಿ. ಹೀಗೆ ಮೂರು-ನಾಲ್ಕು ವಾರ. ಆಮೇಲೆ ನಿಜವಾದ ಮೆರವಣಿಗೆಯಿಂದ ನೂರು ಮೀಟರ್ ದೂರ, ಅನುಭವದ ಹಳೆಯ ಕುದುರೆಯ ಪಕ್ಕ ನಿಲ್ಲಿಸಿ; ಮುಂದಿನ ಸಲ ಎಂಬತ್ತು. ಜನರೇಟರ್, ಮಿನುಗುವ ದೀಪ, ತಲೆ ಮೇಲೆ ಹಾರುವ ಕಾಗದದ ಚೂರು, ಒಂದೊಂದನ್ನೂ ಬೇರೆ ಬೇರೆ ಕಲಿಸಬೇಕು. ಪಟಾಕಿಗೆ ರೂಢಿ ಎಂಬುದಿಲ್ಲ, ಹಚ್ಚುವ ಮನೆಯ ಮುಂಗಡ ತೆಗೆದುಕೊಳ್ಳಬೇಡಿ.

ನಿದ್ದೆ ಔಷಧಿ, ಹೆಂಡ ಕುಡಿಸಿ ನಿಲ್ಲಿಸುವವರಿದ್ದಾರೆ. ಮಂಪರಿನ ಕುದುರೆ ಬೆದರುವುದು ಬಿಡುವುದಿಲ್ಲ. ತಡವಾಗಿ, ಸೂಚನೆ ಕೊಡದೆ ಬೆದರುತ್ತದೆ, ಮೇಲೆ ಮದುಮಗ ಇರುತ್ತಾನೆ. ಕಾಲು ಕಟ್ಟಿ, ಬಡಿದು 'ಕುಣಿತ' ಕಲಿಸುವವರ ಹತ್ತಿರ ಕಳಿಸಲೇಬೇಡಿ. ಮೇಲೆ ಹೇಳಿದ 1965ರ ನಿಯಮಗಳಲ್ಲೇ ಇನ್ನೊಂದಿದೆ: ಬಿಸಿಲು 37 ಡಿಗ್ರಿ ಮೀರುವ ದಿನ ಮಧ್ಯಾಹ್ನ 12ರಿಂದ 3ರವರೆಗೆ ಕೆಲಸ ಮಾಡಿಸುವಂತಿಲ್ಲ. ಏಪ್ರಿಲ್-ಮೇ ಮದುವೆಗಳ ಮಧ್ಯಾಹ್ನದ ದಿಬ್ಬಣ ಇದರೊಳಗೇ ಬರುತ್ತದೆ.

ಎರೆಹೊಲ. ಮಳೆಗಾಲದಾಗ ಗೊರಸಿನ ತಳ ಕೊಳೆತ ವಾಸನಿ ಬರತದ. ಲಾಳ ಹೊಡಿಸಿದ್ರ ಸರಿ ಹೋಗತದೇನ್ರಿ?
– ರೋಣ ತಾಲೂಕು

ಲಾಳದಿಂದ ಹೋಗುವುದಿಲ್ಲ. ಗೊರಸಿನ ತಳದಲ್ಲಿ ಮುಕ್ಕೋನಾಕಾರದ ಮೆದು ಭಾಗವಿದೆ, ಅದರ ಎರಡೂ ಪಕ್ಕದ ಸೀಳಿನಲ್ಲಿ ಎರೆಮಣ್ಣು, ಲದ್ದಿ ಮೆತ್ತಿ ಗಾಳಿಯಾಡದೆ ಕೊಳೆಯುತ್ತದೆ. ದಿನಕ್ಕೆರಡು ಸಲ ಮೊಂಡು ಕೊಕ್ಕೆಯಿಂದ, ಹಿಮ್ಮಡಿಯಿಂದ ಮುಂದಕ್ಕೆ, ಕೆರೆದು ತೆಗೆಯಿರಿ. ತೊಳೆದರೆ ಬಟ್ಟೆಯಿಂದ ಒರೆಸಿ ಒಣಗಿಸಲೇಬೇಕು. ಸೀಳಿಗೆ ಪೊವಿಡೋನ್ ಅಯೋಡಿನ್ ನೆನೆಸಿದ ಹತ್ತಿ ಇಡಿ. ಒತ್ತಿದರೆ ಕಾಲು ಸೆಳೆದುಕೊಳ್ಳುವಷ್ಟು ನೋವಿದ್ದರೆ ವೈದ್ಯರಿಗೆ ತೋರಿಸಿ. ನಿಲ್ಲುವ ಜಾಗಕ್ಕೆ ಆರು ಇಂಚು ಗರಸು ಹಾಕಿ ಕುಟ್ಟಿ, ಇಳಿಜಾರು ಕೊಡಿ. ಇದು ಮಾಡದಿದ್ದರೆ ಔಷಧಿ ವ್ಯರ್ಥ.

ಗೊರಸನ್ನು ಆರರಿಂದ ಎಂಟು ವಾರಕ್ಕೊಮ್ಮೆ ಕೆತ್ತಿಸಬೇಕು, ಮರಿಗೂ. ಒಂದು ಪಕ್ಕ ಉದ್ದ ಬಿಟ್ಟರೆ ಬೆಳೆಯುವ ಕಾಲು ಸೊಟ್ಟಗಾಗುತ್ತದೆ. ರಸ್ತೆ ಕೆಲಸಕ್ಕೆ ಹಚ್ಚುವವರೆಗೆ ಲಾಳ ಬೇಡ. ಎತ್ತಿಗೆ ಲಾಳ ಹೊಡೆಯುವವರು ಕೆಡವಿ ಕಟ್ಟಿ ಹೊಡೆಯುತ್ತಾರೆ, ಕುದುರೆಗೆ ನಿಲ್ಲಿಸಿಯೇ ಹೊಡೆಯಬೇಕು. ಅದಕ್ಕೇ ಮರಿ ಇದ್ದಾಗಿನಿಂದ ದಿನಾ ನಾಲ್ಕೂ ಕಾಲು ಎತ್ತಿ, ಐದು ಎಣಿಸಿ, ಅದು ಕಿತ್ತುಕೊಳ್ಳುವ ಮೊದಲೇ ನೀವಾಗಿ ಇಳಿಸಿ.

ಎತ್ತಿನ ಬೀಜ ಒಡೆಯುವ ಇಕ್ಕಳದಿಂದಲೇ ಕುದುರೆಗೂ ಮಾಡಬಹುದೇ? ಯಾವಾಗ?
– ಶಿಗ್ಗಾಂವಿ

ಆಗದು. ಕುದುರೆಗೆ ಅರಿವಳಿಕೆ ಕೊಟ್ಟು ವೈದ್ಯರೇ ಶಸ್ತ್ರಕ್ರಿಯೆ ಮಾಡಬೇಕು. ಒಂದರಿಂದ ಎರಡು ವರ್ಷದೊಳಗೆ, ನೊಣ ಕಡಿಮೆ ಇರುವ ನವೆಂಬರ್–ಫೆಬ್ರುವರಿಯಲ್ಲಿ. ಧನುರ್ವಾಯು ಲಸಿಕೆ ಮೊದಲೇ ಆಗಿರಲಿ. ಮರುದಿನದಿಂದ ನಡೆಸಬೇಕು, ನಿಂತಲ್ಲೇ ನಿಂತರೆ ಬಾವು ಹೆಚ್ಚುತ್ತದೆ. ಆರು ವಾರ ಹೆಣ್ಣುಕುದುರೆಯಿಂದ ದೂರವಿಡಿ, ಇನ್ನೂ ಗಬ್ಬ ನಿಲ್ಲಿಸಬಲ್ಲದು.

ಉಣ್ಣಿ ಬಹಳ. ದನಕ್ಕೆ ಹಚ್ಚುವ ಔಷಧಿ ಹಚ್ಚಬಹುದೇ? ಜಂತಿನ ಔಷಧಿ, ಲಸಿಕೆ ಯಾವುವು?
– ಮುಂಡರಗಿ

ಡಬ್ಬಿಯ ಮೇಲೆ ಅಮಿಟ್ರಾಜ್ ಎಂದಿದ್ದರೆ ಹಚ್ಚಬೇಡಿ. ದನಕ್ಕೆ ಸರಿ, ಕುದುರೆಗೆ ಕರುಳಿನ ಚಲನೆಯನ್ನೇ ನಿಲ್ಲಿಸಿ ಲದ್ದಿ ಕಟ್ಟಿಸುತ್ತದೆ. ಪರ್ಮೆಥ್ರಿನ್ ಜಾತಿಯದನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ಬಳಸಿ. ಐವರ್‌ಮೆಕ್ಟಿನ್ ಕುದುರೆಗೆ ಬಾಯಿಯ ಪೇಸ್ಟ್ ಆಗಿ, ಕೆ.ಜಿ.ಗೆ 0.2 ಮಿ.ಗ್ರಾಂ.; ದನದ ಇಂಜೆಕ್ಷನ್ ಚುಚ್ಚಿದರೆ ಆ ಜಾಗದ ಮಾಂಸ ಕೊಳೆತು ಜೀವಕ್ಕೇ ಬರಬಹುದು. ಹೊಟ್ಟೆ ಡೊಳ್ಳಾಗಿ ಕೂದಲು ಕಳೆಗುಂದಿದ ಮರಿಗೆ ಮೊದಲ ಸಲವೇ ಜೋರು ಔಷಧಿ ಬೇಡ. ಸತ್ತ ದುಂಡುಹುಳುಗಳ ಗಂಟೇ ಕರುಳು ಮುಚ್ಚುತ್ತದೆ. ಫೆನ್‌ಬೆಂಡಜೋಲ್‌ನಿಂದ ಶುರು ಮಾಡುವುದು ಮೇಲು. ಲದ್ದಿ ಪರೀಕ್ಷೆ ಮಾಡಿಸಿ ಕೊಟ್ಟರೆ ಇನ್ನೂ ಮೇಲು. ನಿಮಗೆ ಗದಗದ ಪಶುವೈದ್ಯಕೀಯ ಕಾಲೇಜು ಹತ್ತಿರವೇ ಇದೆ.

ಧನುರ್ವಾಯು ಕುದುರೆಯನ್ನು ಕೊಲ್ಲುವಷ್ಟು ಬೇರೆ ಸಾಕುಪ್ರಾಣಿಯನ್ನು ಕೊಲ್ಲುವುದಿಲ್ಲ. ಅದರ ಲಸಿಕೆ ಟೆಟನಸ್ ಟಾಕ್ಸಾಯ್ಡ್ ಆರನೇ ತಿಂಗಳಿಗೆ ಒಂದು, ನಾಲ್ಕರಿಂದ ಆರು ವಾರ ಬಿಟ್ಟು ಇನ್ನೊಂದು, ಆಮೇಲೆ ವರ್ಷಕ್ಕೊಂದು. ರೇಬಿಸ್ ಲಸಿಕೆಯೂ ವರ್ಷಕ್ಕೊಮ್ಮೆ. ಮಳೆ ನಿಂತ ಮೇಲೆ ಬಿಟ್ಟು ಬಿಟ್ಟು ಜ್ವರ, ಹೊಟ್ಟೆಯಡಿ ಬಾವು, ಹಿಂಗಾಲು ಸೋತರೆ ಸರ್ರಾ ರೋಗದ ಅನುಮಾನ ಪಡಿ. ಕಚ್ಚುವ ದೊಡ್ಡ ನೊಣ ಹರಡುವ ರೋಗ ಅದು. ರಕ್ತ ಪರೀಕ್ಷೆ ಬೇಕು, ಬರೀ ಜ್ವರದ ಔಷಧಿ ಸಾಲದು.

ರಾತ್ರಿ ಹೊಟ್ಟಿ ನೋವು ಬಂದ್ರ ಏನ್ ಮಾಡೋದ್ರಿ? ಎತ್ತಿಗೆ ಗೊಟ್ಟಾ ಹಾಕಿ ಎಣ್ಣಿ ಕುಡಸ್ತೇವಿ.
– ಕಲಘಟಗಿ ತಾಲೂಕು

ಗೊಟ್ಟ ಮುಟ್ಟಬೇಡಿ. ತಲೆ ಎತ್ತಿ ಸುರಿದ ಎಣ್ಣೆ ಕುದುರೆಯ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ವೈದ್ಯರು ಎಣ್ಣೆ ಕೊಡುವುದು ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸಿ.

ಲಕ್ಷಣ ಮೊದಲು ಸಣ್ಣವು: ಮೇವು ಬಿಡುತ್ತದೆ, ಮೇಲ್ತುಟಿ ಸುತ್ತಿಸುತ್ತದೆ, ಪಕ್ಕೆ ತಿರುಗಿ ನೋಡುತ್ತದೆ, ಮುಂಗಾಲಿನಿಂದ ನೆಲ ಕೆರೆಯುತ್ತದೆ. ಆಮೇಲೆ ಬೆವರಿ ಹೊರಳಾಡುತ್ತದೆ. ಕೂಡಲೇ ಮೇವು, ಕಾಳು ತೆಗೆಯಿರಿ, ನೀರು ಇರಲಿ. ನಾಡಿ ನೋಡಿ: ದವಡೆಯ ಒಳಅಂಚಿನಲ್ಲಿ ಬೆರಳಿಗೆ ಸಿಗುತ್ತದೆ. ವಿಶ್ರಾಂತಿಯಲ್ಲಿ ದೊಡ್ಡ ಕುದುರೆಗೆ ನಿಮಿಷಕ್ಕೆ 28–44, ಮರಿಗೆ ಸ್ವಲ್ಪ ಹೆಚ್ಚು. ಬೆಳೆದದ್ದರಲ್ಲಿ 60 ದಾಟಿದರೆ ತುರ್ತು. ಮೈಬಿಸಿ ಗುದದ್ವಾರದಲ್ಲಿ 37.5ರಿಂದ 38.5 ಡಿಗ್ರಿ ಸಹಜ. ಪಕ್ಕೆಗೆ ಕಿವಿ ಹಚ್ಚಿ ಕೇಳಿ, ಗುಡುಗುಡು ಸದ್ದು ಎರಡೂ ಕಡೆ ಇಲ್ಲದಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಕೊನೆಯ ಲದ್ದಿ ಯಾವಾಗ ಬಿತ್ತು, ನಿನ್ನೆಯಿಂದ ಮೇವಿನಲ್ಲಿ ಏನು ಬದಲಾಯಿತು ಎಂಬುದನ್ನು ಫೋನಿನಲ್ಲೇ ಹೇಳಿದರೆ ಅವರು ಬೇಕಾದ ಸಾಮಾನು ತರುತ್ತಾರೆ. ಪಶುಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಕರೆ ಮಾಡಬಹುದು, ಆದರೆ ರಾತ್ರಿಗೆ ಅದನ್ನೊಂದನ್ನೇ ನಂಬದೆ, ಕುದುರೆ ನೋಡುವ ವೈದ್ಯರ ನಂಬರನ್ನು ಮರಿ ತಂದ ದಿನವೇ ಕೊಟ್ಟಿಗೆಯ ಗೋಡೆ ಮೇಲೆ ಬರೆದಿಡಿ.

ಅವರು ಬರುವವರೆಗೆ ಹತ್ತು ನಿಮಿಷ ನಿಧಾನ ನಡೆಸಿ, ನಿಲ್ಲಿಸಿ, ಮತ್ತೆ ಹತ್ತು ನಿಮಿಷ. ರಾತ್ರಿಯಿಡೀ ಓಡಿಸಿ ಸುಸ್ತು ಮಾಡಬೇಡಿ. ಸುಮ್ಮನೆ ಮಲಗಿದ್ದರೆ ಮಲಗಿರಲಿ. ಜೋರಾಗಿ ಹೊರಳುತ್ತಿರುವಾಗ ಗೋಡೆಗೂ ಅದಕ್ಕೂ ನಡುವೆ ನೀವು ನಿಲ್ಲಬೇಡಿ. ನೋವಿನ ಇಂಜೆಕ್ಷನ್ ನೀವೇ ಕೊಟ್ಟರೆ ಲಕ್ಷಣ ಮುಚ್ಚಿಹೋಗಿ, ಕರುಳು ತಿರುಚಿದ್ದು ತಿಳಿಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ನೋವು ಇಳಿದು ಲದ್ದಿ ಬಿದ್ದ ಮೇಲೂ ಒಂದು ದಿನ ಕಾಳು ಬೇಡ. ಹಿಡಿಯಷ್ಟು ಹಸಿ ಕರಕಿ, ಎರಡು ಗಂಟೆಗೊಮ್ಮೆ.